ಬ್ಯಾಂಕ್ ದಾವೆ ಹೂಡಿದರೆ ಸೋತಂತಲ್ಲ

ಪ್ರಶ್ನೆ: ಅಮೆರಿಕದಲ್ಲಿರುವ ವೃದ್ಧ ದಂಪತಿ ನಾವು. ಚಾಪ್ಟರ್ 7 ದಿವಾಳಿ ಅರ್ಜಿ ಹಾಕಿದ್ದೇವೆ. ಕ್ರೆಡಿಟ್ ಕಾರ್ಡ್ ಸಾಲದಲ್ಲಿ ವಂಚನೆಯಿದೆ ಎಂದು ಬ್ಯಾಂಕ್ ದಾವೆ ಹೂಡಿದೆ.

ಉತ್ತರ: ಸಮನ್ಸ್ ಹೊರಟ ದಿನದಿಂದ 30 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಿ, ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪು ಬರಬಹುದು. ಸಾಲ ತೀರಿಸಲಾಗದ್ದೇ ವಂಚನೆಯಲ್ಲ. ತೀರಿಸುವ ಉದ್ದೇಶವೇ ಇರಲಿಲ್ಲವೆಂದು ಬ್ಯಾಂಕ್ ಸಾಬೀತುಪಡಿಸಬೇಕು. ಅರ್ಜಿಗೆ ಹಿಂದಿನ 90 ದಿನಗಳಲ್ಲಿ ಮಿತಿಮೀರಿ ಐಷಾರಾಮಿ ವಸ್ತು ಕೊಂಡಿದ್ದರೆ, ಇಲ್ಲವೇ 70 ದಿನಗಳಲ್ಲಿ ಕಾರ್ಡಿನಿಂದ ದೊಡ್ಡ ಮೊತ್ತದ ನಗದು ಪಡೆದಿದ್ದರೆ ಮಾತ್ರ ಕಾನೂನು ಮೊದಲೇ ನಿಮ್ಮನ್ನು ಅನುಮಾನಿಸುತ್ತದೆ. ಔಷಧ, ದಿನಸಿ ಐಷಾರಾಮವಲ್ಲ. ಆ ರಸೀದಿಗಳನ್ನು ಹುಡುಕಿಡಿ. ಈ ವಯಸ್ಸಿನಲ್ಲಿ ರಾಜಿಯೇ ಲೇಸು ಎನ್ನುವವರಿದ್ದಾರೆ, ಒಪ್ಪಲಾರೆ: ಆಧಾರವಿಲ್ಲದ ದಾವೆಯಾದರೆ ನಿಮ್ಮ ವಕೀಲರ ಶುಲ್ಕವನ್ನು ಬ್ಯಾಂಕಿನಿಂದಲೇ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಸೋಷಿಯಲ್ ಸೆಕ್ಯುರಿಟಿ ಹಣಕ್ಕೂ ಕಾರ್ಡ್ ಕಂಪನಿ ಕೈಹಾಕುವಂತಿಲ್ಲ. ಈ ವಾರವೇ ದಿವಾಳಿ ವಕೀಲರನ್ನು ಕಾಣಿ.