ಬಡಾವಣೆಯ ಮಣ್ಣಿನಲ್ಲಿ ಇತಿಹಾಸದ ಕಾವಲು

ಪುರಾತತ್ತ್ವಶಾಸ್ತ್ರವೆಂದರೆ ಹಾಳು ದೇಗುಲ, ಶಾಸನ, ನಾಣ್ಯಗಳ ಅಧ್ಯಯನವೆಂದೇ ನಮ್ಮ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಹೊಸ ಮನೆಗಳ ಬಡಾವಣೆಗೂ ಈ ಶಾಸ್ತ್ರಕ್ಕೂ ಇರುವ ನಂಟನ್ನು ಐರ್ಲೆಂಡ್ ದೇಶದ ಒಂದು ಪದ್ಧತಿಯಿಂದ ಅರಿಯಬಹುದು.

ಆ ದೇಶದ ಪಶ್ಚಿಮಕ್ಕೆ, ಗಾಲ್ವೇ ಜಿಲ್ಲೆಯಲ್ಲಿ, ಅಥೆನ್‌ರೈ ಎಂಬ ಊರಿದೆ. 13ನೆಯ ಶತಮಾನದಲ್ಲಿ ನಾರ್ಮನ್ ಒಡೆಯರು ಇಲ್ಲಿ ಕೋಟೆ ಕಟ್ಟಿದರು. 1241ರಲ್ಲಿ ಡೊಮಿನಿಕನ್ ಸಂನ್ಯಾಸಿಗಳ ಮಠ ಸ್ಥಾಪಿತವಾಯಿತು. ಊರ ಸುತ್ತಣ ಕಲ್ಲಿನ ಪ್ರಾಕಾರದ ಬಹುಭಾಗವೂ ಉತ್ತರದ ಹೆಬ್ಬಾಗಿಲೂ ಇಂದಿಗೂ ನಿಂತಿವೆ. ಇಂತಹ ಊರಿನ ಹೊರವಲಯದ ಹೊಲದಲ್ಲಿ ಮನೆಗಳನ್ನು ಕಟ್ಟಲು ಅನುಮತಿ ನೀಡುವಾಗ ಒಂದು ಷರತ್ತನ್ನು ಸೇರಿಸುವುದುಂಟು: ಪರವಾನಗಿ ಪಡೆದ ಪುರಾತತ್ತ್ವಜ್ಞನ ಕಣ್ಣೆದುರಿನಲ್ಲಿಯೇ ಮೇಲ್ಮಣ್ಣನ್ನು ತೆಗೆಯತಕ್ಕದ್ದು. ವೆಚ್ಚ ಕಟ್ಟಿಸುವವರದು. ಈ ಪರವಾನಗಿಯ ನಿಯಮ 1930ರ ರಾಷ್ಟ್ರೀಯ ಸ್ಮಾರಕಗಳ ಕಾಯಿದೆಯಿಂದ ಬಂದುದು.

ಪ್ರಾಕಾರದ ಹೊರಗೆ ಏನಿದ್ದೀತು? ಮಧ್ಯಯುಗದಲ್ಲಿ ಹೊಗೆ, ದುರ್ಗಂಧ, ಬೆಂಕಿಯ ಭಯವುಳ್ಳ ಕಸುಬುಗಳನ್ನು ಅನೇಕ ವೇಳೆ ಊರಾಚೆ ಇಡುತ್ತಿದ್ದರು: ಚರ್ಮ ಹದಮಾಡುವ ಗುಂಡಿ, ಕುಂಬಾರನ ಆವಿಗೆ, ಮಳೆ ಹೆಚ್ಚಾದ್ದರಿಂದ ಧಾನ್ಯ ಒಣಗಿಸುವ ಒಲೆ. ಊರು ಹುಟ್ಟುವುದಕ್ಕೆ ಸಾವಿರಾರು ವರ್ಷ ಮುಂಚಿನ ಕಂಚಿನ ಯುಗದ ಕುರುಹೂ ದೊರೆಯಬಹುದು. ಆ ಕಾಲದ ಜನರು ಕಲ್ಲುಗಳನ್ನು ಕಾಸಿ, ತೊಟ್ಟಿಗೆ ಹಾಕಿ ನೀರು ಕಾಯಿಸುತ್ತಿದ್ದರು. ಸಿಡಿದ ಆ ಕಲ್ಲುಗಳು ಇದ್ದಿಲಿನೊಡನೆ ರಾಶಿಯಾಗಿ ಉಳಿದಿರುತ್ತವೆ.

ಜೆ.ಸಿ.ಬಿ.ಯ ಬಕೆಟ್ಟಿಗೆ ಹಲ್ಲುಗಳಿರಕೂಡದು; ಅವು ಮಣ್ಣನ್ನು ಕಲಕಿಬಿಡುತ್ತವೆ. ಹಲ್ಲಿಲ್ಲದ ಅಗಲ ಬಕೆಟ್ಟಿನಿಂದ ಪದರ ಪದರವಾಗಿ ಕೆರೆಯುತ್ತ ಹೋದರೆ ಕೆಳಗಿನ ತಿಳಿಬಣ್ಣದ ಗಟ್ಟಿಮಣ್ಣು ಕಾಣುತ್ತದೆ. ಮನುಷ್ಯನು ಹಿಂದೆ ತೋಡಿದ, ಆಮೇಲೆ ತುಂಬಿಹೋದ ಗುಂಡಿ ಅದರಲ್ಲಿ ಕಪ್ಪು ಮಚ್ಚೆಯಾಗಿ ತೋರುತ್ತದೆ. ದುಂಡಗಿದ್ದರೆ ಕಂಬ ನೆಟ್ಟ ಕುಳಿಯಿರಬಹುದು, ಉದ್ದವಿದ್ದರೆ ಕಾಲುವೆ. ಮಣ್ಣು ಒಣಗಿದರೆ ಈ ಬಣ್ಣ ಮಾಸುವುದರಿಂದ ನೋಡುವವನು ಯಂತ್ರದ ಪಕ್ಕದಲ್ಲಿಯೇ ನಿಂತಿರಬೇಕು. ಕಚೇರಿಯಲ್ಲಿ ಕುಳಿತು ಸಹಿ ಹಾಕುವ ಕೆಲಸವಲ್ಲ ಇದು! ಕುರುಹು ಕಂಡೊಡನೆ ಯಂತ್ರ ನಿಲ್ಲುತ್ತದೆ. ಸಾಧ್ಯವಿದ್ದರೆ ಕಟ್ಟಡದ ನಕ್ಷೆಯನ್ನೇ ಬದಲಿಸಿ ಅದನ್ನು ನೆಲದಲ್ಲಿಯೇ ಉಳಿಸುತ್ತಾರೆ. ಇಲ್ಲವಾದರೆ ಕೈಯಿಂದ ಅಗೆದು, ಅಳೆದು, ಚಿತ್ರ ಬರೆದು ದಾಖಲಿಸುತ್ತಾರೆ.

ಆದರೆ ಇಂತಹ ಅನೇಕ ವರದಿಗಳು ಮಹತ್ತ್ವದ ಯಾವುದೂ ಕಾಣಲಿಲ್ಲವೆಂದೇ ಮುಗಿಯುತ್ತವೆ. ಹಾಗಾದರೆ ಹಣ ವ್ಯರ್ಥವಾಯಿತೆ? ಖಾಲಿ ಉತ್ತರಪತ್ರಿಕೆಗಳಿಗೆ ಸೊನ್ನೆ ಹಾಕಿದ ಕೈ ನನ್ನದು. ಈ ವರದಿಗಳಿಗೆ ಹಾಕಲಾರೆ. ಹಳೆಯ ಊರು ಎಲ್ಲಿಯವರೆಗೆ ಹಬ್ಬಿತ್ತೆಂಬುದು ಇಂತಹ ಹತ್ತಾರು 'ಇಲ್ಲ'ಗಳಿಂದಲೂ ತಿಳಿಯುತ್ತದೆ. ಯಾರೂ ನೋಡದೆ ಮಣ್ಣು ಸಾಗಿಹೋಗಿದ್ದರೆ, ಅಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಮುಂದೆ ಯಾರೂ ಹೇಳಲಾರರು. ಆ ದೇಶದಲ್ಲಿ 1970ರಿಂದೀಚಿನ ಉತ್ಖನನಗಳ ಸಂಕ್ಷಿಪ್ತ ವರದಿಗಳನ್ನು ವರ್ಷವಾರು ಸಂಗ್ರಹಿಸಿಟ್ಟಿದ್ದಾರೆ. ಪಕ್ಕದ ಹೊಲದಲ್ಲಿ ನಾಳೆ ಮನೆ ಏಳುವುದಾದರೆ ಅಲ್ಲಿಗೆ ಹೋಗುವ ಪುರಾತತ್ತ್ವಜ್ಞನು ಮೊದಲು ಅವನ್ನು ತೆರೆದು ನೋಡುತ್ತಾನೆ.