ಹಿಮ್ಮಡಿ ಮೂಳೆ ಶಸ್ತ್ರಚಿಕಿತ್ಸೆ: ಟೂರ್ನಿಕೆಟ್ ಬೇಕೇ?

ಪಾದದ 7 ಟಾರ್ಸಲ್ ಮೂಳೆಗಳಲ್ಲಿ ಅತಿ ದೊಡ್ಡದು ಕ್ಯಾಲ್ಕೇನಿಯಸ್, ಅಂದರೆ ಹಿಮ್ಮಡಿ ಮೂಳೆ. ಎತ್ತರದಿಂದ ಬಿದ್ದು ಹಿಮ್ಮಡಿ ಊರಿದಾಗ ಇದು ಮುರಿಯುವುದೇ ಹೆಚ್ಚು. ಬೆನ್ನುಮೂಳೆಗೂ ಪೆಟ್ಟಾಗಿರಬಹುದು.

ಪ್ಲೇಟ್, ಸ್ಕ್ರೂ ಕೂರಿಸುವಾಗ ತೊಡೆಗೆ ಗಾಳಿ ತುಂಬಿದ ಪಟ್ಟಿ ಕಟ್ಟಿ ರಕ್ತ ತಡೆಯುತ್ತಾರೆ. ಅದೇ ನ್ಯೂಮ್ಯಾಟಿಕ್ ಟೂರ್ನಿಕೆಟ್. 1904ರಲ್ಲಿ ಬಳಕೆಗೆ ತಂದವರು ಹಾರ್ವೆ ಕುಶಿಂಗ್. ರಕ್ತ ಒಸರದಿದ್ದರೆ ಮೂಳೆಯ ಚೂರುಗಳೂ ಕೀಲಿನ ಮೇಲ್ಮೈಯೂ ನಿಚ್ಚಳವಾಗಿ ಕಾಣುತ್ತವೆ.

ಆದರೆ ಹಿಮ್ಮಡಿಯ ಹೊರಬದಿಯ ಚರ್ಮ ತೆಳು. ಅಲ್ಲಿ ಹಾಕುವ 'ಎಲ್' ಆಕಾರದ ಕೊಯ್ತದ ಮೂಲೆ ರಕ್ತ ಸಾಲದೆ ಕಪ್ಪಾಗುವುದೇ ವೈದ್ಯರ ದೊಡ್ಡ ತಲೆನೋವು. ಪಟ್ಟಿ ಸಡಿಲಿಸಿದಾಗ ರಕ್ತ ನುಗ್ಗಿ ಊತ, ನೋವು ಹೆಚ್ಚಬಹುದು. ಪಟ್ಟಿ ಕಟ್ಟಿಡುವ ಸಾಮಾನ್ಯ ಕಾಲಮಿತಿ 2 ಗಂಟೆ. ಕಾಲಿನ ರಕ್ತನಾಳದ ಕಾಯಿಲೆ ಇದ್ದವರಿಗೆ ಪಟ್ಟಿ ಕಟ್ಟದಿರುವುದೇ ಲೇಸು.