ಈಜಿನ ಅಭ್ಯಾಸದಲ್ಲಿ ವಿಶ್ರಾಂತಿಯ ಸ್ಥಾನ

ಈಜುಕೊಳದ ದಡದಲ್ಲಿ ಕುಳಿತು ಮಗಳ ಅಭ್ಯಾಸವನ್ನು ನೋಡುವ ತಾಯಿತಂದೆಗಳು ಅವಳು ಎಷ್ಟು ಸಾರಿ ಕೊಳವನ್ನು ದಾಟಿದಳೆಂದು ಎಣಿಸುವರು. ನಡುವೆ ಗೋಡೆಯನ್ನು ಹಿಡಿದು ನಿಂತರೆ ಕಾಲವು ವ್ಯರ್ಥವಾಯಿತೆಂದು ಭಾವಿಸುವರು. ಇದು ಸರಿಯಲ್ಲ. ದೇಹದಲ್ಲಿ ಯಾವ ಶಕ್ತಿಯು ಬೆಳೆಯಬೇಕೆಂಬುದನ್ನು ಈಜಿನ ವೇಗದೊಡನೆ ಆ ವಿಶ್ರಾಂತಿಯ ಅಳತೆಯೂ ನಿರ್ಣಯಿಸುತ್ತದೆ.

ಸ್ನಾಯುಗಳಿಗೆ ಬಲವು ಮುಖ್ಯವಾಗಿ ಎರಡು ವಿಧವಾಗಿ ಒದಗುವುದು. ಒಂದು, ಆಮ್ಲಜನಕಕ್ಕಾಗಿ ಕಾಯದೆ ಹುಟ್ಟುವ ಬಲ. ರಭಸದ ಈಜಿಗೆ ಇದು ಆಧಾರವಾದರೂ ಬೇಗನೆ ಕುಂದುವುದು. ಇನ್ನೊಂದು, ಶ್ವಾಸಕೋಶಗಳು ಪಡೆದು ಹೃದಯವು ರಕ್ತದ ಮೂಲಕ ಕಳುಹಿಸುವ ಆಮ್ಲಜನಕದಿಂದ ಹುಟ್ಟುವ ಬಲ. ಇದು ಮೆಲ್ಲನೆ ಏರಿ ಬಹುಕಾಲ ನಿಲ್ಲುವುದು. ನಾವು ದಮ್ಮು ಎಂದು ಹೇಳುವುದು ಇದನ್ನೇ.

1930ರ ದಶಕದಲ್ಲಿ ಜರ್ಮನಿಯ ಗೆರ್ಶ್ಲರ್ ಎಂಬ ಶಿಕ್ಷಕರು ರೈಂಡೆಲ್ ಎಂಬ ವೈದ್ಯರೊಡನೆ ಓಟಗಾರರ ನಾಡಿಯನ್ನು ಪರೀಕ್ಷಿಸಿ, ಓಟದ ನಡುವೆ ಅಳೆದ ವಿಶ್ರಾಂತಿಯನ್ನು ಕೊಡುವ ಕ್ರಮವನ್ನು ರೂಪಿಸಿದರು. ನಿಮಿಷಕ್ಕೆ ಸುಮಾರು 180ಕ್ಕೆ ಏರಿದ ನಾಡಿಯು ಸುಮಾರು 120ಕ್ಕೆ ಇಳಿದಾಗ ಮುಂದಿನ ಓಟವು ಆರಂಭವಾಗುತ್ತಿತ್ತು. ಗೆರ್ಶ್ಲರ್ ಅವರ ಶಿಷ್ಯನಾದ ಹಾರ್ಬಿಗ್ 1939ರಲ್ಲಿ 800 ಮೀಟರುಗಳನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಇಂತಹ ಕ್ರಮವನ್ನು ಈಜಿಗೆ ಅನ್ವಯಿಸುವ ಬಗೆಯನ್ನು ಅಮೆರಿಕದ ಶಿಕ್ಷಕರಾದ ಕೌನ್ಸಿಲ್ಮನ್ 1968ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಒಂದು ಉದಾಹರಣೆಯನ್ನು ನೋಡೋಣ. ಇಬ್ಬರು ಹುಡುಗಿಯರು 50 ಮೀಟರುಗಳನ್ನು ಹತ್ತು ಸಾರಿ ಈಜುವರೆನ್ನಿ. ಮೊದಲನೆಯವಳು ಹದವಾದ ವೇಗದಲ್ಲಿ ಈಜಿ ಪ್ರತಿಸಾರಿ 15 ಸೆಕೆಂಡು ಮಾತ್ರ ನಿಲ್ಲುವಳು. ಅವಳ ಹೃದಯವು ಪೂರ್ಣವಾಗಿ ಶಾಂತವಾಗುವ ಮೊದಲೇ ಮತ್ತೆ ಕೆಲಸವು ಬರುವುದರಿಂದ ದಮ್ಮು ಬೆಳೆಯುವುದು. ಎರಡನೆಯವಳು ಅತಿ ರಭಸದಿಂದ ಈಜಿ ಎರಡು ಮೂರು ನಿಮಿಷ ನಿಲ್ಲುವಳು. ಅವಳಿಗೆ ಮುಖ್ಯವಾಗಿ ವೇಗವು ಲಭಿಸುವುದು. ಇಬ್ಬರೂ ಈಜಿದ್ದು 500 ಮೀಟರುಗಳೇ. ಫಲವು ಮಾತ್ರ ಬೇರೆ.

ಹಾಗೆಂದು ವಿಶ್ರಾಂತಿಯನ್ನು ಮನಬಂದಂತೆ ಕಡಿಮೆಮಾಡಬಾರದು. ಕೊನೆಯ ಸುತ್ತಿನ ಕಾಲವು ಮೊದಲನೆಯದಕ್ಕೆ ಸಮೀಪವಾಗಿದ್ದರೆ ಅಳತೆಯು ಸರಿಯಾಗಿದೆ. ಕೈಬೀಸು ಕೆಟ್ಟು ಕಾಲವು ಬಹಳ ಹೆಚ್ಚಿದರೆ ವೇಗವನ್ನು ತಗ್ಗಿಸಬೇಕು, ಇಲ್ಲವೆ ವಿಶ್ರಾಂತಿಯನ್ನು ಹೆಚ್ಚಿಸಬೇಕು. ತಲೆಸುತ್ತು, ಎದೆನೋವು ಕಂಡರೆ ಕೂಡಲೇ ನೀರಿನಿಂದ ಹೊರಗೆ ಬರಬೇಕು. ದಮ್ಮು ಬೆಳೆಸುವ ನೆಪದಲ್ಲಿ ವೇಗವಾಗಿ ಉಸಿರಾಡಿ, ಬಳಿಕ ಉಸಿರುಕಟ್ಟಿ ಮುಳುಗುವ ಪಂತವನ್ನು ಎಂದಿಗೂ ಆಡಬಾರದು. ಮುನ್ಸೂಚನೆಯಿಲ್ಲದೆ ನೀರಿನೊಳಗೆ ಪ್ರಜ್ಞೆ ತಪ್ಪಿ ಪ್ರಾಣವು ಹೋಗಬಹುದು.

ಶಾಲೆಯನ್ನು ಬಿಟ್ಟು ಬಹುಕಾಲದ ಮೇಲೆ ಮತ್ತೆ ಈಜಲು ಬಯಸುವ ಸೋದರಿಯರು ವೈದ್ಯರ ಸಲಹೆ ಪಡೆದು, ಮೊದಲು ಮೆಲ್ಲನೆ 25 ಮೀಟರು ಈಜಿ, ಉಸಿರು ಸಮವಾಗುವವರೆಗೆ ನಿಲ್ಲಲಿ. ಇದು ಸುಲಭವಾದ ಮೇಲೆ ವಾರಕ್ಕೆ ಐದು ಸೆಕೆಂಡುಗಳಂತೆ ವಿಶ್ರಾಂತಿಯನ್ನು ಇಳಿಸಬಹುದು. ಹೆತ್ತವರಾದರೋ ಗೋಡೆಯ ಬಳಿ ನಿಂತ ಮಗಳನ್ನು ಅವಸರಪಡಿಸದಿರಲಿ. ಆ ಕೆಲವು ಸೆಕೆಂಡುಗಳೂ ಅವಳ ಪಾಠದ ಭಾಗವೇ ಆಗಿವೆ.